ವೀ ಅಂದರೆ ಯಾರಮ್ಮ?

ಹೋದ ಮಂಗಳವಾರ ಬೇಗಂಪೇಟೆಯಲ್ಲಿ ಒಬ್ಬ ಡಾಕ್ಟರ್ ಒಂದೇ ಒಂದು ಪದಕ್ಕೆ ನಪಾಸಾದಳು.

(ಸೂಜಿ ಚುಚ್ಚುವ ಡಾಕ್ಟರಲ್ಲ, ಪಿಎಚ್.ಡಿ. ಡಾಕ್ಟರ್. ನಮ್ಮ ಮಲ್ಕಾಜ್‌ಗಿರಿಯ ಗಲ್ಲಿಯಲ್ಲಿ ಇದನ್ನು ಮೊದಲೇ ಹೇಳದಿದ್ದರೆ ಮೊಣಕಾಲು ಹಿಡಿದುಕೊಂಡು ನಾಲ್ಕು ಜನ ಬಂದುಬಿಡುತ್ತಾರೆ.)

ನಾನು ಸರ್ಕಾರಿ ಕಾರ್ಖಾನೆಯೊಂದರ ಟೆಸ್ಟಿಂಗ್ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವಳು ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಪ್ರಸಾದ್ ಈಗ ಬೇಗಂಪೇಟೆಯಲ್ಲಿ ಸ್ವಂತ ಲ್ಯಾಬ್ ನಡೆಸುತ್ತಾನೆ. ಅಪಾರ್ಟ್‌ಮೆಂಟು, ಹೋಟೆಲು, ಹಾಸ್ಟೆಲುಗಳ ನೀರಿನ ಪರೀಕ್ಷೆ. "ಮೇಡಂ, ಒಬ್ಬರನ್ನು ತಗೊಳ್ಳಬೇಕು. ಇಂಟರ್‌ವ್ಯೂಗೆ ನೀವೂ ಕೂತ್ಕೊಳ್ಳಿ" ಎಂದು ಅವನು ತೆಲುಗಿನಲ್ಲಿ ಕರೆದ. ಹೋದೆ. ರಿಟೈರ್ ಆದವರನ್ನು ಯಾರಾದರೂ ಕರೆಯುವುದೇ ಹೆಚ್ಚು!

ಕೆಲಸವೇನು? ರಿಪೋರ್ಟಿಗೆ ಸಹಿ ಹಾಕುವುದು. ಈ ನೀರು ಕುಡಿಯಬಹುದು, ಇಲ್ಲವೇ ಕುಡಿಯಬಾರದು. ಎರಡರಲ್ಲಿ ಒಂದು ಮಾತು, ಕೆಳಗೆ ಒಬ್ಬರ ಸಹಿ. ಸ್ಯಾಂಪಲ್ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಹೇಳಬೇಕು. "ಇನ್ನಷ್ಟು ಸಂಶೋಧನೆ ಅಗತ್ಯ" ಎಂದು ಬರೆದು ಮನೆಗೆ ಹೋಗುವ ಹಾಗಿಲ್ಲ.

ಮಲ್ಲಮ್ಮ ಒಳಗೆ ಬಂದಳು. ಮೂವತ್ತೆರಡು ವಯಸ್ಸು, ಯಾದಗಿರಿ ಕಡೆಯವಳು. ಅಪ್ಪ, ಅವ್ವ ಲಿಂಗಂಪಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಆ ಮನೆಯಿಂದ ಬಂದ ಹುಡುಗಿ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಆರು ವರ್ಷ ಕೂತು ಡಾಕ್ಟರೇಟ್ ತೆಗೆದುಕೊಂಡಿದ್ದಾಳೆ. ಯೂನಿವರ್ಸಿಟಿಯಲ್ಲಿ ಕೆಲಸ ಖಾಲಿ ಇಲ್ಲ. ಹೊರಗೆ ಇದು ಏಳನೇ ಇಂಟರ್‌ವ್ಯೂ. ಇದೂ ಕೈಕೊಟ್ಟರೆ ಟ್ಯೂಷನ್ ಹೇಳಿಕೊಂಡು ಕೂರುತ್ತೇನೆ ಎಂದು ಅರ್ಧ ನಕ್ಕು ಅರ್ಧ ಅಳುವ ದನಿಯಲ್ಲಿ ಹೇಳಿದಳು.

ಇಂಗ್ಲಿಷಿನಲ್ಲಿ ಮಾತು ಶುರುವಾಯಿತು. ಹುಡುಗಿ ಚುರುಕು. ಆದರೆ ಬಾಯಿ ತೆರೆದರೆ 'ವೀ'. ವೀ ಕಲೆಕ್ಟೆಡ್, ವೀ ಅನಲೈಸ್ಡ್, ವೀ ಫೌಂಡ್. ಪ್ರಸಾದ್ ತಡೆದ. "ವೀ ಅಂಟೇ ಎವರಮ್ಮಾ?" ವೀ ಅಂದರೆ ಯಾರಮ್ಮ?

"ನಾನು ಮತ್ತೆ ನಮ್ಮ ಗೈಡ್, ಸರ್."

"ಸ್ಯಾಂಪಲ್ ತಂದವರು ಯಾರು?"

"ವೀ... ನಾನೇ, ಸರ್."

"ಟೆಸ್ಟ್ ಮಾಡಿದವರು?" ಇದು ನಾನು ಕೇಳಿದ್ದು.

"ನಾನೇ, ಮೇಡಂ."

"ಹಾಗಾದರೆ ಈ ನೀರು ಸರಿಯಿಲ್ಲ ಎಂದು ತೀರ್ಮಾನ ಮಾಡಿದವರು?"

"ಇಟ್ ವಾಸ್ ಕನ್‌ಕ್ಲೂಡೆಡ್, ಮೇಡಂ" ಎಂದಳು.

ತೀರ್ಮಾನಿಸಲಾಯಿತು! ಯಾರಪ್ಪಾ ತೀರ್ಮಾನಿಸಿದ್ದು? ದೇವರೇ ಬಲ್ಲ.

ಆಕೆ ಹೊರಗೆ ಹೋದ ಮೇಲೆ ಪ್ರಸಾದ್ ಅನುಮಾನಿಸುತ್ತ ಹೇಳಿದ: "ಓದಿಕೊಂಡಿದ್ದಾಳೆ ಮೇಡಂ, ತಗೊಳ್ಳೋಣವಾ?" ನಾನು ಬೇಡ ಎಂದೆ. ತನ್ನ ಬಾಯಲ್ಲಿ ತನ್ನ ಹೆಸರು ಬರದವಳು ಕಾಗದದ ಮೇಲೆ ಏನು ಬರೆದಾಳು ಎಂದೂ ಸೇರಿಸಿದೆ. ಈ ಮಾತು ಆಡುವಾಗ ನನಗೆ ನಾನೇ ಬಹಳ ಬುದ್ಧಿವಂತೆಯಾಗಿ ಕಂಡೆ.

ಯೂನಿವರ್ಸಿಟಿಯ ಹೊರಗಿನವರಿಗೆ ಪಿಎಚ್.ಡಿ. ಮಾಡಿದವರಿಂದ ಏನು ಬೇಕು? ಎಷ್ಟು ಪೇಪರ್ ಬರೆದಿರಿ ಎಂದು ಕೇಳುವವರನ್ನು ನಾನಂತೂ ನೋಡಿಲ್ಲ. ಕೈಯಲ್ಲಿರುವಷ್ಟೇ ಮಾಹಿತಿ ಇಟ್ಟುಕೊಂಡು ಒಂದು ಮಾತು ಹೇಳಿ, ಆಮೇಲೆ ಆ ಮಾತಿನ ಹಿಂದೆ ನಿಲ್ಲುವ ಮನುಷ್ಯ ಬೇಕು. ಇಷ್ಟೇ. ಆದರೆ ಇಷ್ಟನ್ನು ಕಲಿಸುವ ಕ್ಲಾಸ್ ಯಾವುದು?

ಸ್ಟೇಷನ್ನಿಗೆ ಬಂದೆ. ಟಿಕೆಟ್ ಕೌಂಟರ್ ಪಕ್ಕದ ಬೆಂಚಿನ ಮೇಲೆ ಅದೇ ಹುಡುಗಿ ನನಗೆ ಬೆನ್ನು ಮಾಡಿ ಕೂತಿದ್ದಾಳೆ. ಫೋನಿನಲ್ಲಿ ಗಟ್ಟಿ ದನಿ.

"ಅಪ್ಪಾ, ಸೈಟಿನ್ಯಾಗ ಹೊಸಾ ಬೋರ್ ಹಾಕ್ಯಾರಲ್ಲ, ಆ ನೀರ ಕುಡಿಬ್ಯಾಡ. ಮೇಸ್ತ್ರಿ ಏನರ ಅನ್ನಲಿ. ನೋಡಾಕ ಚಲೋ ಇರತೈತಿ, ಎಲುವು ತಿಂತೈತಿ. ನಾ ಟೆಸ್ಟ್ ಮಾಡೇನಿ, ನಾ ಹೇಳಾಕತ್ತೀನಿ. ಟ್ಯಾಂಕರ್ ಬರೂತನಕ ಕಾಯ್ರಿ. ಎಲ್ಲಾರಿಗೂ ಹೇಳು. ಯಾರ ಅಂದ್ರು ಅಂತ ಕೇಳಿದ್ರ, ನನ್ನ ಮಗಳು ಮಲ್ಲಿ ಅಂದಾಳಂತ ಹೇಳು."

ನಾನು ನಿಂತಲ್ಲೇ ನಿಂತೆ. ಒಂದು ಗಂಟೆ ಮುಂಚೆ ನಾವು ಹುಡುಕುತ್ತಿದ್ದವಳು ಇವಳೇ ಅಲ್ಲವೇ?

ಹತ್ತಿರ ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ಗಾಬರಿಯಾಗಿ ಎದ್ದು ನಿಂತಳು. "ಅಯ್ಯ, ನೀವು ನಮ್ಮ ಕಡಿಯವರೇನ್ರಿ ಮೇಡಂ?"

"ಧಾರವಾಡದವಳು. ಕೂಡವಾ. ಅಪ್ಪಗ ನಾ ನಾ ಅಂತಿ, ಅಲ್ಲಿ ಯಾಕ ವೀ ವೀ ಅಂದಿ?"

ಆಕೆ ತಲೆ ತಗ್ಗಿಸಿದಳು. "ಥೀಸಿಸ್ ಮೊದಲನೇ ಚಾಪ್ಟರ್‌ದಾಗ ಐ ಅಂತನ ಬರದಿದ್ನಿರಿ. ನಮ್ಮ ಗೈಡ್ ಸರ್ ಎಲ್ಲಾ ಐ ಮ್ಯಾಲ ಕೆಂಪ್ ಗೆರಿ ಹೊಡದ್ರು. ಐ ಅನ್ನಾಕ ನೀ ಯಾರಮ್ಮಾ ಅಂದ್ರು. ಸರ್ ಕೆಟ್ಟವರಲ್ಲರಿ, ಭಾಳ ಕಲಿಸ್ಯಾರ. ಅವರಿಗೂ ಅವರ ಸರ್ ಹಂಗ ಕಲಿಸಿರಬೇಕು. ಆರು ವರ್ಷ ಆತರಿ. ಇಂಗ್ಲಿಷ್ ಮಾತಾಡಾಕ ಹತ್ತಿದ್ರ ನಾಲಿಗಿ ತಾನ ವೀ ಅಂತೈತಿ."

ವಿನಯ ಎಂದು ಹೇಳಿಕೊಟ್ಟದ್ದೇ ಹೊರಗೆ ಬಂದಾಗ ಪುಕ್ಕಲುತನವಾಗಿ ಕಂಡಿದೆ. ಆಕೆಯ ತಪ್ಪೇ ಇದು? ಶಾಲೆಯ ಪ್ರಯೋಗದ ಪುಸ್ತಕದಲ್ಲಿ ನಾವೆಲ್ಲ ಏನು ಬರೆದಿದ್ದೆವು? 'ದ್ರಾವಣವನ್ನು ಕಾಯಿಸಲಾಯಿತು.' ಕಾಯಿಸುವಾಗ ಕೈ ಸುಟ್ಟುಕೊಂಡವಳು ನಾನು, ಪುಸ್ತಕದಲ್ಲಿ ನಾನೇ ಇಲ್ಲ! ಆಮೇಲೆ ಮೂವತ್ತು ವರ್ಷ ಆಫೀಸ್ ಫೈಲಿನಲ್ಲೂ ಅದನ್ನೇ ಬರೆದೆ. 'ಪರಿಶೀಲಿಸಲಾಗಿದೆ', 'ಸಲ್ಲಿಸಲಾಗಿದೆ' ಎಂಬ ಮಾತುಗಳ ಹಿಂದೆ ಬೆಚ್ಚಗೆ ಕೂತು ಪೆನ್ಶನ್ನಿನವರೆಗೆ ಬಂದವಳು, ಒಂದೇ 'ವೀ'ಗಾಗಿ ಇನ್ನೊಬ್ಬಳನ್ನು ಹೊರಗೆ ಕಳಿಸಿದೆ.

ಲಿಂಗಂಪಲ್ಲಿ ರೈಲು ಬರುವ ಅನೌನ್ಸ್‌ಮೆಂಟ್ ಆಯಿತು. ಮಲ್ಲಮ್ಮ ಬ್ಯಾಗ್ ಹೆಗಲಿಗೇರಿಸಿ ನೇರವಾಗಿ ಕೇಳಿದಳು: "ಮೇಡಂ, ನನ್ನ ಬಗ್ಗೆ ನೀವೇನಂದ್ರಿ?"

ಬೇಡ ಅಂದೆ ಎನ್ನಬೇಕಿತ್ತು. ತಪ್ಪು ಮಾಡಿದೆ ಎಂದೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು: "ನಾವು ಇನ್ನೂ ವಿಚಾರ ಮಾಡಾಕತ್ತೀವಿ. ತಿಳಸ್ತೀವಿ."

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ!

ಆಕೆ ಕೈಮುಗಿದು ಹೋದಳು. ರೈಲು ಹೊರಟ ಮೇಲೆ ಪ್ರಸಾದ್‌ಗೆ ಫೋನ್ ಮಾಡಿ, "ನಾನು ಹೇಳಿದ್ದು ತಪ್ಪು, ಆ ಹುಡುಗಿಯನ್ನೇ ತಗೋ" ಎಂದೆ. ಅವನು ನಿಟ್ಟುಸಿರು ಬಿಟ್ಟ. "ನೀವೇ ಬೇಡ ಅಂದ್ರಲ್ಲ ಮೇಡಂ. ಇನ್ನೊಬ್ಬರಿಗೆ ಆಗಲೇ ಮಾತು ಕೊಟ್ಟೆ. ಎಮ್ಮೆಸ್ಸಿ ಅಷ್ಟೇ, ಆದರೆ ಬಾಯಿ ಜೋರಿದೆ." ಎಷ್ಟು ಕೇಳಿಕೊಂಡರೂ ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಒಪ್ಪದ್ದು ನ್ಯಾಯವೇ.

ಗುರುವಾರ ಮಲ್ಲಮ್ಮನಿಗೆ ಲ್ಯಾಬಿನಿಂದ ಮೇಲ್ ಹೋಯಿತು. ಒಂದು ಪ್ರತಿ ನನಗೂ ಬಂತು. ಎರಡೇ ಸಾಲು, 'ವೀ ರಿಗ್ರೆಟ್' ಎಂದು ಶುರು.

ಕೆಳಗೆ ಯಾರ ಹೆಸರೂ ಇರಲಿಲ್ಲ.