ಅಕ್ಕನ ಕೊರಳಿನ ಲಿಂಗ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ಒಂದು ಚಳಿಗಾಲವಿಡೀ, ಅಕ್ಕನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಹನ್ನೆರಡು ವರ್ಷ, ನನಗೆ ಏಳು. ಪಂಚನಹಳ್ಳಿ ಕಡೆಯ ಒಂದು ಸಣ್ಣ ಊರು ನಮ್ಮದು. ಊರೊಳಗೆ ಅಲ್ಲ, ಊರಾಚೆಯ ಕೇರಿಯಲ್ಲಿ ನಮ್ಮ ಗುಡಿಸಲು. ಊರಿನವರು ನಮ್ಮನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ದಸರಾ ಕಳೆದ ಮೇಲೆ ಮಠದ ಅಯ್ಯನವರೊಬ್ಬರು ನಡೆದುಕೊಂಡು ನಮ್ಮ ಕೇರಿಗೇ ಬಂದರು. ಶಿವನ ಮುಂದೆ ಎಲ್ಲರೂ ಒಂದೇ ಎಂದರು. ಬೇಕೆಂದು ಕೇಳಿದ ಐದು ಮನೆಯವರಿಗೆ ಲಿಂಗ ಕಟ್ಟಿದರು. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮೂವರಿಗೂ ಆಯಿತು. ನನಗೆ ದಡಾರ ಎದ್ದು ಬೇವಿನ ಸೊಪ್ಪಿನ ನಡುವೆ ಮಲಗಿದ್ದೆ. ನನಗೆ ಮಾತ್ರ ಇಲ್ಲ.

ಮರುದಿನದಿಂದ ಅಕ್ಕ ಬೇರೆಯೇ ಆದಳು. ಬೆಳಿಗ್ಗೆ ಮೊದಲ ಚೊಂಬು ನೀರು ಅವಳ ಸ್ನಾನಕ್ಕೆ. ಒದ್ದೆ ಕೂದಲಲ್ಲಿ ಗೋಡೆಗೆ ಒರಗದೆ ಕೂತು, ಎಡಗೈ ಮೇಲೆ ನೇರಳೆ ಹಣ್ಣಿನಷ್ಟು ದೊಡ್ಡ ಕರಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ವಿಭೂತಿಯ ಘಮ, ಹರಿದ ಬಿಲ್ವಪತ್ರೆಯ ಹಸಿ ವಾಸನೆ ಗುಡಿಸಲಿನ ತುಂಬ. ಅವಳು ಎದ್ದ ಮೇಲೇ ಅವ್ವ ಮುದ್ದೆ ಬಡಿಸುತ್ತಿದ್ದದ್ದು. ಹಸಿದು ಕೂತ ನಾನು ಆ ಲಿಂಗವನ್ನೇ ನೋಡುತ್ತಿದ್ದೆ. ಮುಟ್ಟಲು ಹೋದರೆ, "ಬ್ಯಾಡ ಕಣೇ, ನಿಂಗಿನ್ನೂ ಆಗಿಲ್ಲ," ಎನ್ನುತ್ತಿದ್ದಳು. ಒಮ್ಮೆ ಹೊಳೆಗಲ್ಲೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಅಪ್ಪ ನಕ್ಕುಬಿಟ್ಟ. ಅಕ್ಕ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಸುದ್ದಿ ಪಟೇಲರಿಗೆ ಮುಟ್ಟಿತು. ಅವರ ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಲಿಂಗವಿತ್ತು. ತಮ್ಮ ಎದೆಯ ಮೇಲಿರುವುದು ಕೇರಿಯವರ ಎದೆಯ ಮೇಲೂ ಇರುವುದೇ? ನಾವು ನೀರು ತರುತ್ತಿದ್ದ ಬಾವಿ ಅವರ ತೆಂಗಿನ ತೋಟದ ಅಂಚಿನಲ್ಲಿತ್ತು. ದುಡಿಮೆಯೂ ಅವರ ಹೊಲದಲ್ಲೇ. ಲಿಂಗ ತೆಗೆಯದಿದ್ದರೆ ಎರಡೂ ಇಲ್ಲ, ಗುಡಿಸಲೂ ಉಳಿಯುವುದಿಲ್ಲ ಎಂದು ಆಳಿನ ಕೈಲಿ ಹೇಳಿ ಕಳಿಸಿದರು.

ನಾಲ್ಕು ಮನೆಯವರು ಹೆದರಿ ತೆಗೆದಿಟ್ಟರು. ಅಪ್ಪನೂ ತನ್ನದನ್ನು, ಅವ್ವನದನ್ನು ಬಟ್ಟೆಯಲ್ಲಿ ಕಟ್ಟಿ ರಾಗಿ ಗಡಿಗೆಯೊಳಗೆ ಹುದುಗಿಸಿದ. ಆ ದಿನ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ಮಾತ್ರ ಕೊಡಲಿಲ್ಲ. ಚಳಿ ಎಂದು ಹಳೆಯ ಸೀರೆಯ ತುಂಡೊಂದನ್ನು ಹೊದ್ದು ಅದರೊಳಗೆ ಮುಚ್ಚಿಟ್ಟುಕೊಂಡಳು. ಈಗ ಕೇರಿಗೆಲ್ಲ ಇದ್ದದ್ದು ಅದೊಂದೇ. ನನ್ನ ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಎರಡು ದಿನ ಬಿಟ್ಟು, ಇಬ್ಬನಿ ಇನ್ನೂ ಆರದ ಹೊತ್ತಿಗೆ ಪಟೇಲರೇ ಬಂದರು. ಕೈಯಲ್ಲಿ ಬೆತ್ತ. ನಮ್ಮ ಬಾಗಿಲಿನಿಂದ ಮಾರು ದೂರ ನಿಂತು, "ಎಲ್ಲಾ ತೆಗೆದ್ರೇನ್ಲಾ?" ಎಂದರು.

"ತೆಗೆದ್ವಿ ಬುದ್ಧಿ," ಎಂದ ಅಪ್ಪ, ತಲೆ ತಗ್ಗಿಸಿ.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅಕ್ಕನದೂ ಹೋದರೆ ನಾವಿಬ್ಬರೂ ಸಮ ಆಗುತ್ತೇವೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಅಕ್ಕ ತೆಗ್ದಿಲ್ಲ. ಹೊದ್ದಿರೋದ್ರೊಳಗೈತೆ," ಎಂದುಬಿಟ್ಟೆ.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊದ್ದಿದ್ದನ್ನು ಸರಿಸಿ ಲಿಂಗವನ್ನು ಹೊರಗೆ ತೆಗೆದು ಎದೆಯ ಮೇಲೆ ಬಿಟ್ಟಳು.

"ಬಿಚ್ಚಿ ಆ ಕಲ್ಲಿನ ಮ್ಯಾಲಿಡು."

"ಇಡಲ್ಲ ಬುದ್ಧಿ."

"ಏನಂದೆ?"

"ಜೀವ ಇರೋಗಂಟ ಬಿಡಬ್ಯಾಡ ಅಂದವ್ರೆ ಅಯ್ನೋರು." ಅಕ್ಕ ಅವರ ಎದೆಯ ಕಡೆ ನೋಡಿದಳು. "ನಿಮಗೂ ಹಂಗೇ ಅಂದಿರ್ತಾರಲ್ವಾ?"

ಪಟೇಲರ ಕೈ ತಾನಾಗಿಯೇ ತಮ್ಮ ಕರಡಿಗೆಯ ಮೇಲೆ ಹೋಯಿತು. ಅವರ ಕಣ್ಣು ಅಕ್ಕನ ಕೊರಳಲ್ಲೇ ನೆಟ್ಟಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಹಸಿದು ಕೂತು ನಾನು ನೋಡುತ್ತಿದ್ದದ್ದು ಹಾಗೆಯೇ.

ಬೆತ್ತ ಎತ್ತಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು, ಕದಲಲಿಲ್ಲ. ಏಟು ಬಿದ್ದದ್ದು ಪಕ್ಕದಲ್ಲಿದ್ದ ನೀರಿನ ಮಡಕೆಗೆ. ನೀರೆಲ್ಲ ನನ್ನ ಕಾಲಡಿ ಹರಿಯಿತು. "ಇನ್ನ ಬಾವಿ ಕಡೆ, ಹೊಲದ ಕಡೆ ತಲೆ ಹಾಕಿದ್ರೆ ನೋಡ್ರಿ!" ಎಂದು ಹೊರಟುಹೋದರು.

ಅಪ್ಪ ಒಳಗೆ ಹೋಗಿ ರಾಗಿ ಗಡಿಗೆಗೆ ಕೈ ಹಾಕಿದ. ಹೊರಗೆ ಬಂದಾಗ ಅವನ ಕೊರಳಲ್ಲಿ ಲಿಂಗವಿತ್ತು, ಕೈಯಲ್ಲಿ ಅವ್ವನದು. ನನಗೆ ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು.

ಅಂದಿನಿಂದ ಹಳ್ಳದ ಮರಳು ತೋಡಿ, ಒರತೆಯ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ತರಬೇಕಾಯಿತು. ಅಪ್ಪ ಬೀರೂರಿನ ಕಡೆ ರೈಲು ಹಾದಿಗೆ ಜಲ್ಲಿ ಒಡೆಯಲು ಹೋದ. ಮೊದಲ ದಿನ ಅಕ್ಕ ಒಂದು ಸಣ್ಣ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟು, "ಬಾರೇ," ಎಂದಳು ಅಷ್ಟೆ. ದಾರಿಯಲ್ಲಿ ನಾನು ಅಳುತ್ತಿದ್ದೆ. "ಮುಂದಿನ ಸಲ ಅಯ್ನೋರು ಬಂದಾಗ ನಿಂಗೂ ಕಟ್ಟುಸ್ತೀನಿ, ಸುಮ್ಕಿರು," ಎಂದಳು. ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಹೇಗೆ ಬರುತ್ತದೆ ಎಂದು ಅದಕ್ಕೂ ಕರುಬಿದೆ.

ವಾರ ಕಳೆಯುವುದರೊಳಗೆ ಉಳಿದ ನಾಲ್ಕು ಮನೆಯವರೂ ಲಿಂಗ ಮತ್ತೆ ಕಟ್ಟಿಕೊಂಡು ನಮ್ಮ ಜೊತೆ ಹಳ್ಳಕ್ಕೆ ಬರತೊಡಗಿದರು. ಪಟೇಲರ ಹೊಲದಲ್ಲಿ ರಾಗಿ ಬಲಿತು ತೆನೆ ಉದುರುತ್ತಿತ್ತು, ಕೊಯ್ಯಲು ಕೇರಿಯಿಂದ ಒಬ್ಬರೂ ಹೋಗಲಿಲ್ಲ. ಕೊನೆಗೆ ಆಳು ಬಂದು, "ಬಾವಿಗೆ ಬರಬೋದಂತೆ," ಎಂದ. ಲಿಂಗದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮುಂದಿನ ವರ್ಷ ನನಗೂ ಲಿಂಗ ಕಟ್ಟಿದರು. ಯಾರೂ ತಡೆಯಲಿಲ್ಲ.

ಮಕ್ಕಳೇ, ನಿಮ್ಮ ಅಡುಗೆಮನೆಯಲ್ಲೇ ನಲ್ಲಿ ಇದೆ. ನಿಮ್ಮ ತರಗತಿಯಲ್ಲಿ ಒಬ್ಬಳ ಕೊರಳಲ್ಲಿ ಶಿಲುಬೆ, ಇನ್ನೊಬ್ಬನ ತೋಳಲ್ಲಿ ತಾಯಿತ. ಊಟದ ಹೊತ್ತಿಗೆ ಎಲ್ಲರ ಡಬ್ಬಿಗೂ ಎಲ್ಲರೂ ಕೈ ಹಾಕುತ್ತೀರಂತೆ. ನಿನ್ನ ದೇವರನ್ನು ಬಿಚ್ಚಿ ಕಲ್ಲಿನ ಮೇಲಿಡು ಎಂದು ನಿಮ್ಮನ್ನು ಯಾರೂ ಕೇಳಿಲ್ಲ. ಕೇಳದೇ ಇರಲಿ. ಲಿಂಗ ಕಟ್ಟಿಸಿಕೊಂಡ ಮೇಲೆ ನನ್ನನ್ನೂ ಯಾರೂ ಹಾಗೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿತ್ತು. ಇಷ್ಟು ವಯಸ್ಸಾದರೂ ಅದೊಂದಕ್ಕೆ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು.