ಸೊಟ್ಟ ಅಕ್ಷರದ ವ್ಯಾಗನ್ನು

ಡಾರ್ಲಿಂಗ್ಟನ್ನಿನ ವಿಲ್ಫ್ರೆಡ್ ತಾನೇ ಕಟ್ಟಿದ ಬೆರಳುದ್ದದ ಮಾದರಿ ಗೂಡ್ಸ್ ವ್ಯಾಗನ್ನಿಗೆ ತುಕ್ಕಿನ ಬಣ್ಣ ಬಳಿಯಲು ಕೂತನೆಂದರೆ ಮನೆಯಲ್ಲಿ ಯಾರೂ ಸೀನುವಂತಿಲ್ಲ, ಚಹದ ಕೆಟಲ್ಲು ಕೂಡ ಸಿಳ್ಳೆ ಹಾಕುವಂತಿಲ್ಲ. ಹೊಸ ಬಣ್ಣ ಕೆರೆದು, ಮಸಿ ಮೆತ್ತಿ, ನಲವತ್ತು ವರ್ಷ ಕಲ್ಲಿದ್ದಲು ಹೊತ್ತದ್ದರಂತೆ ಮಾಡಿದ ಮೇಲೆ, ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಕುಂಚದಿಂದ ಅದು ಹೋಗಬೇಕಾದ ಊರಿನ ಹೆಸರನ್ನು ಸೀಮೆಸುಣ್ಣದಲ್ಲಿ ಗೀಚಿದಂತೆ ಬರೆಯುತ್ತಾನೆ. ಅಕ್ಷರ ನೆಟ್ಟಗೆ ಬಂತೋ, ತನ್ನನ್ನೇ ಬೈದುಕೊಂಡು ಒರೆಸಿಬಿಡುತ್ತಾನೆ. "ಇದು ಐದನೇ ಸಲ, ಮಾರಾಯ! ಚೆನ್ನಾಗೇ ಇತ್ತಲ್ಲ?" ಎಂದು ಹೆಂಡತಿ ಮಾವಿಸ್ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರೆ, "ಚೆನ್ನಾಗಿದ್ದದ್ದೇ ತಪ್ಪು, ಸುಮ್ನಿರೇ!" ಎಂದು ಗದರುತ್ತಾನೆ. ಅವನ ಎದುರಿಗೊಂದು ಹಳೆಯ ಫೋಟೋ ಇದೆ. ಅದರಲ್ಲಿನ ನಿಜವಾದ ವ್ಯಾಗನ್ನಿನ ಮೇಲೆ ಸೀಮೆಸುಣ್ಣದಲ್ಲಿ ಅದೇ ಊರಿನ ಹೆಸರು ಸೊಟ್ಟಸೊಟ್ಟಗೆ ಇದೆ. ರೈಲ್ವೆ ಯಾರ್ಡಿನಲ್ಲಿ ವ್ಯಾಗನ್ನು ಜೋಡಿಸುವಾಗ ನಡುವೆ ಸಿಕ್ಕಿ ಸತ್ತ ಅವನ ಅಪ್ಪನ ಕೈಬರಹವೆಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ.