ಚೀಟಿ ಓದಿದನೋ, ಮುಖ ಓದಿದನೋ

ನಮ್ಮ ಅತ್ತೆಯವರ ಬಲಹುಬ್ಬು ಎಡಹುಬ್ಬಿಗಿಂತ ಮೇಲಿತ್ತು. ಸಣ್ಣವರಿದ್ದಾಗ ಹೊಸ್ತಿಲು ಎಡವಿ ಬಿದ್ದು ಹಣೆ ಒಡೆದುಕೊಂಡಿದ್ದರಂತೆ. ಗಾಯ ಮಾಯುವಾಗ ಚರ್ಮ ಹುಬ್ಬನ್ನು ಮೇಲಕ್ಕೆ ಎಳೆದುಬಿಟ್ಟಿತ್ತು. ಹೀಗಾಗಿ ಅವರು ಸುಮ್ಮನೆ ಕೂತಾಗಲೂ ಎದುರಿನವರ ಮಾತನ್ನು ನಂಬುತ್ತಿಲ್ಲವೇನೋ ಅನ್ನಿಸುತ್ತಿತ್ತು. ಮದುವೆಯಾಗಿ ಬ್ಯಾಡಗಿಗೆ ಬಂದ ಹೊಸದರಲ್ಲಿ ನಾನು ಆ ಹುಬ್ಬಿಗೆ ಹೆದರುತ್ತಿದ್ದೆ. "ಅನ್ನ ಆಗೇತ್ರಿ" ಎಂದು ಹೇಳಿ, ಹುಬ್ಬಿನ ಕಡೆ ನೋಡಿ, ಮತ್ತೆ ಒಳಗೆ ಹೋಗಿ ಅಗಳು ಹಿಚುಕಿ ನೋಡುತ್ತಿದ್ದೆ. ಕೆಲವು ತಿಂಗಳು ಕಳೆದ ಮೇಲೆ ಗೊತ್ತಾಯಿತು, ಹುಬ್ಬಿನದೇನೂ ತಪ್ಪಿರಲಿಲ್ಲ. ಅವರು ನಿಜವಾಗಿಯೂ ಯಾರನ್ನೂ ನಂಬುತ್ತಿರಲಿಲ್ಲ.

ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ಮುಖ ನೋಡುತ್ತಿದ್ದರು. ಊರಲ್ಲಿ ಯಾರದೋ ನಿಶ್ಚಿತಾರ್ಥ ಮುರಿಯಿತು ಎಂದು ಪಕ್ಕದ ಮನೆಯವರು ಸುದ್ದಿ ತಂದರೆ, ಅಯ್ಯೋ ಪಾಪ ಅನ್ನುವ ಬದಲು "ನಿನಗ ಹೆಂಗ ಗೊತ್ತಾತು?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯವರು "ಅವರು ಹೇಳಿದ್ರು" ಅಂದರೆ "ಅವರಿಗೆ ಹೆಂಗ ಗೊತ್ತಾತು?" ಅನ್ನುತ್ತಿದ್ದರು. ಎರಡು ಸಲ ಹೀಗೆ ಕೇಳಿದರೆ ಎಂಥ ಸುದ್ದಿಯೂ ಸೊರಗಿಹೋಗುತ್ತಿತ್ತು. ನನ್ನ ಮೈದುನರೆಲ್ಲ ಬೆನ್ನ ಹಿಂದೆ ಅವರನ್ನು 'ಕೋರ್ಟು' ಎಂದು ಕರೆಯುತ್ತಿದ್ದರು. ಅದೂ ಅವರಿಗೆ ಹೇಗೋ ಗೊತ್ತಿತ್ತು.

ನಮ್ಮ ಮಾವನವರು ಮತ್ತು ಅವರ ತಮ್ಮ ಸೇರಿ ಮೆಣಸಿನಕಾಯಿ ಪ್ಯಾಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದರು. ತಮ್ಮನನ್ನು ನಾನು ಸಣ್ಣ ಮಾವ ಅನ್ನುತ್ತಿದ್ದೆ. ಅವರ ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ಅವರು ಇನ್ನೂ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗ. ಅಣ್ಣ ತಮ್ಮ ಇಬ್ಬರೂ ಮಧ್ಯಾಹ್ನ ಅಂಗಡಿಯಿಂದ ಒಟ್ಟಿಗೆ ಬಂದು, ಮೆಣಸಿನ ಘಾಟಿಗೆ ಸೀನಿಕೊಂಡು, ಮುಖ ತೊಳೆದು, ಪಕ್ಕಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ಒಬ್ಬರ ತಾಟಿನ ರೊಟ್ಟಿಯನ್ನು ಇನ್ನೊಬ್ಬರು ಮುರಿದುಕೊಳ್ಳುವುದು ಮಾಮೂಲಾಗಿತ್ತು.

ನಮ್ಮ ಮನೆಗೆ ಮೊದಲ ಮೊಬೈಲು ಬಂದ ಕಾಲ ಅದು. ಆ ಸಲದ ಚಳಿಗಾಲದಲ್ಲಿ ರಾಣೆಬೆನ್ನೂರಿನಲ್ಲಿ ಒಬ್ಬ ಗುರುಗಳು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ಮನಸ್ಸಿನಲ್ಲಿದ್ದುದನ್ನು ಚೀಟಿಯಲ್ಲಿ ಬರೆದು ಮಡಚಿ ಕೊಟ್ಟರೆ, ಅವರು ಬಿಚ್ಚದೆಯೇ ಹಣೆಗೆ ಮುಟ್ಟಿಸಿಕೊಂಡು ಎಲ್ಲ ಹೇಳುತ್ತಾರೆ ಎಂದು. ಮಾವನವರು ಬೀಜದ ಅಂಗಡಿಯ ಗೆಳೆಯನೊಬ್ಬನ ಜೊತೆ ಹೋಗಿ ಬಂದರು. ಬಂದವರು ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ಕೂತುಬಿಟ್ಟರು.

"ಚೀಟ್ಯಾಗ ಏನ್ ಬರದಿದ್ರಿ?" ಎಂದು ಅತ್ತೆ ಕೇಳಿದರು.

"ಧಂದೆ ಯಾಕ ಏಳವಲ್ದು ಅಂತ ಬರದಿದ್ದೆ. ಬಿಚ್ಚಿ ನೋಡ್ಲಿಲ್ಲ ಪುಣ್ಯಾತ್ಮ. ವ್ಯಾಪಾರದ ಚಿಂತಿ ಐತಿ ಅಂದ. ನಿಮ್ಮ ಗಂಗಾಳದಾಗ ಉಣ್ಣೂ ಕೈನ ನಿಮ್ಮನ್ನ ತಿನ್ನಾಕತ್ತೇತಿ ಅಂದ. ನನ್ನ ತಮ್ಮನ ಸಂಗತಿ ಕಂಡಂಗ ಹೇಳಿದ."

"ನಿಮಗೇನರ ಕೇಳಿದ್ನ?"

"ಒಂದು ಮಾತೂ ಕೇಳ್ಲಿಲ್ಲ. ಎಲ್ಲಾ ಅಂವನ ಹೇಳಿದ."

ಮರುದಿನದಿಂದ ಮಾವನವರು ಊಟದ ತಾಟನ್ನು ತಮ್ಮ ಖೋಲಿಗೆ ತರಿಸಿಕೊಳ್ಳತೊಡಗಿದರು. ಅಂಗಡಿಗೆ ಹೊಸ ಕೀಲಿ ಬಿತ್ತು. ಸಣ್ಣ ಮಾವನಿಗೆ ಅದರ ಕೀಲಿಕೈ ಸಿಗಲಿಲ್ಲ. ಅವರು ಹೊರಬಾಗಿಲ ಕಟ್ಟೆಯ ಮೇಲೆ ಕಾದು ಕೂತು, ಅಣ್ಣ ಬಂದು ತೆರೆದ ಮೇಲೆ ಒಳಗೆ ಹೋಗಬೇಕಾಯಿತು. ಒಂದು ಮಧ್ಯಾಹ್ನ ಒಬ್ಬರೇ ಊಟಕ್ಕೆ ಕೂತವರು, ತುತ್ತು ಎತ್ತದೆ, "ವೈನಿ, ನಾ ಏನ್ ಮಾಡೇನಿ?" ಅಂದರು. ಅತ್ತೆ ಅವರ ತಾಟಿಗೆ ತುಪ್ಪ ಹಾಕಿದರು.

ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಓದಿದವಳು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಬಂದಿದ್ದ ಜಾದೂಗಾರನೊಬ್ಬ ಇದೇ ಆಟ ತೋರಿಸಿದ್ದ. ಕೊಟ್ಟ ಚೀಟಿಯನ್ನು ಬೆರಳ ಸಂದಿಯಲ್ಲಿ ಅಡಗಿಸಿ, ಖಾಲಿ ಚೀಟಿಯನ್ನು ಮುಂದೆ ಇಟ್ಟು, ಅತ್ತ ತಿರುಗಿದಾಗ ಓದಿಕೊಳ್ಳುವುದು. ನಾನು ಅತ್ತೆಯವರಿಗೆ ಅದನ್ನೇ ಹೇಳಿದೆ. "ಕೈಚಳಕ ಅತ್ತ್ಯಾರ. ಚೀಟಿ ಅದಲಬದಲ ಮಾಡ್ತಾರ."

"ಹೆಂಗ ಗೊತ್ತಾತು ನಿನಗ? ಕಣ್ಣಿಲೆ ನೋಡೀ ಏನು?" ಎಂದು ಹುಬ್ಬು ಇನ್ನಷ್ಟು ಮೇಲೇರಿಸಿದರು. ಆಮೇಲೆ ತಾವೇ ಹೇಳಿದರು. "ಚೀಟಿ ಓದ್ಯಾನೋ, ಮುಖ ಓದ್ಯಾನೋ, ಇಲ್ಲಾ ಯಾರರ ಹೇಳಿಕೊಟ್ಟಾರೋ. ಮೂರರಾಗ ಒಂದು. ನಾವು ಮೂರಕ್ಕೂ ಒಂದೊಂದು ಸುಳ್ಳು ಒಯ್ಯೋಣು. ಯಾವ ಸುಳ್ಳು ಹೊಳ್ಳಿ ಬರತೈತಿ ನೋಡೋಣು."

ನನ್ನ ಸಣ್ಣ ಕೂಸನ್ನು ಗಂಡನ ಹತ್ತಿರ ಬಿಟ್ಟು, ಬೀಗರ ಮನೆಗೆ ಎಂದು ಹೇಳಿ ಇಬ್ಬರೂ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ರಾಣೆಬೆನ್ನೂರು ಹತ್ತಿರ ಬಂದಾಗ ಅತ್ತೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನೋಡಿದವಳೇ ಬಾಯಿಗೆ ಸೆರಗು ಹಿಡಿದೆ. ಹಣೆಯ ಮೇಲೆ ಕುಂಕುಮ ಇರಲಿಲ್ಲ. ಕೈ ಬರಿದಾಗಿತ್ತು. ತಾಳಿಯನ್ನು ಕುಪ್ಪಸದೊಳಗೆ ತಳ್ಳಿದ್ದರು. ಬೆರಳಿಗೆ ಕಚ್ಚಿ ಕೂತ ಕಾಲುಂಗುರ ಮಾತ್ರ ಬಂದಿರಲಿಲ್ಲ, ಅದರ ಮೇಲೆ ಚಳಿಯ ನೆಪದ ಕಾಲುಚೀಲ ಏರಿತ್ತು.

"ಅತ್ತ್ಯಾರ, ಇದೇನ್ರಿ ಇದು!"

"ಅಳಿಸಿದ್ರ ಹೋಗೂದು ಕುಂಕುಮ. ಮನಷ್ಯಾ ಅಲ್ಲ," ಅಂದರು. ಆದರೆ ತಲೆ ಮೇಲೆ ಸೆರಗು ಹೊದ್ದುಕೊಂಡ ಮೇಲೆ ಕುಪ್ಪಸದೊಳಗಿನ ತಾಳಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡರು.

ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಹೊರಗಿನ ಕೋಣೆಯಲ್ಲಿ ಜಮಖಾನೆ ಹಾಸಿತ್ತು, ಜನ ಕಾದು ಕೂತಿದ್ದರು. ಒಳಗಿನ ಕೋಣೆಗೆ ಪರದೆ. ಒಬ್ಬ ಹೆಂಗಸು ಎಲ್ಲರಿಗೂ ನೀರು ಕೊಡುತ್ತಾ, ಅಕ್ಕರೆಯಿಂದ ಪಕ್ಕದಲ್ಲಿ ಕೂತು, "ಯಾವೂರಿಂದ ಬಂದ್ರೆವ್ವಾ? ಏನ್ ತ್ರಾಸು?" ಎಂದು ವಿಚಾರಿಸುತ್ತಿದ್ದಳು. ಅತ್ತೆ ನನ್ನ ಮೊಣಕೈಗೆ ತಿವಿದರು. ನಂತರ ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು. "ಗುತ್ತಲದವರವ್ವಾ ನಾವು. ಮಗ ಕುಮಾರಪಟ್ಟಣದಾಗ ಮನಿ ಮಾಡ್ಯಾನ. ಉಂಡದ್ದು ದಕ್ಕವಲ್ದು ಅಂವಗ. ಹೊಟ್ಟಿ ಹಿಡಕೊಂಡು ಒದ್ದಾಡ್ತಾನ." ಆ ಹೆಂಗಸು ಲೊಚಗುಟ್ಟಿದಳು. ಸ್ವಲ್ಪ ಹೊತ್ತಿಗೆ ತಂಬಿಗೆ ಹಿಡಿದು ಪರದೆಯ ಒಳಗೆ ಹೋದಳು. ಚೀಟಿಯಲ್ಲಿ ನಾನು ಬೇರೆಯದನ್ನೇ ಬರೆದಿದ್ದೆ, ಕಳೆದುಹೋದ ಬಂಗಾರದ ಸರ ಸಿಗುತ್ತದೆಯೇ ಎಂದು.

ಗುರುಗಳಿಗೆ ಜಟೆ ಇರಲಿಲ್ಲ, ಬೂದಿ ಇರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕನ್ನಡಕ, ಮೆಲುದನಿ. ನೋಡಿದರೆ ಬ್ಯಾಂಕಿನಲ್ಲಿ ಕೆಲಸ ಮಾಡುವವರ ಹಾಗಿದ್ದರು. ಚೀಟಿಯನ್ನು ವೀಳ್ಯದೆಲೆಯ ಕೆಳಗೆ ಇಟ್ಟು ಎರಡನ್ನೂ ಹಣೆಗೆ ಒತ್ತಿಕೊಂಡರು. ನಾನು ಅವರ ಬೆರಳುಗಳಿಂದ ಕಣ್ಣು ಕೀಳಲಿಲ್ಲ.

"ಯಜಮಾನ್ರು ಹೋಗಿ ಭಾಳ ದಿನ ಆಗಿಲ್ಲ," ಅಂದರು. ಅತ್ತೆಯ ಮುಖ ಅಲುಗಲಿಲ್ಲ. ಗುರುಗಳು ತಡಮಾಡದೆ ಮುಂದುವರಿಸಿದರು. "ಆಗಿದ್ರೂ ನಿಮಗ ನಿನ್ನೆ ಮೊನ್ನೆ ಹೋದಂಗ ಐತಿ. ಅವರಿಗೆ ಶಾಂತಿ ಸಿಕ್ಕಿಲ್ಲ ತಾಯಿ. ಮಗನ ಹೊಟ್ಟಿಯೊಳಗ ಕುಂತು ಕಾಡಾಕತ್ತಾರ."

ನಾನು ಸೆರಗು ಕಚ್ಚಿ ನಗು ತಡೆದೆ. ಹಣೆಯ ಸುಳ್ಳು, ನೀರಿನ ಹೆಂಗಸಿನ ಸುಳ್ಳು ಎರಡೂ ಸೇರಿ ಒಂದೇ ಕಥೆಯಾಗಿ ತಿರುಗಿ ಬಂದಿದ್ದವು. ಅಷ್ಟಕ್ಕೇ ಎದ್ದು ಬಂದಿದ್ದರೆ ನಮ್ಮ ಗೆಲುವು ಪೂರ್ತಿಯಾಗುತ್ತಿತ್ತು. ಆದರೆ ಗುರುಗಳು ಕನ್ನಡಕ ತೆಗೆದು ಅತ್ತೆಯನ್ನು ದಿಟ್ಟಿಸಿ ನೋಡಿದರು.

"ನಿಮಗ ಯಾರನ್ನೂ ನಂಬಾಕ ಆಗೂದಿಲ್ಲ. ಹಂಗ ಹುಟ್ಟಿದವರಲ್ಲ ನೀವು. ಸಣ್ಣವರಿದ್ದಾಗ ನಿಮ್ಮವರ ಯಾರೋ ಮಾತು ಕೊಟ್ಟು ತಪ್ಪ್ಯಾರ."

ಅತ್ತೆಯವರ ಮುಖದ ಬಣ್ಣ ಇಳಿಯಿತು. ನಾವು ಎದ್ದಾಗ ಗುರುಗಳು ಹಿಂದಿನಿಂದ, "ಕಳಕೊಂಡದ್ದು ಸಿಗತೈತಿ, ಹೋಗಿಬರ್ರಿ" ಅಂದರು.

ಸ್ಟೇಷನ್ನಿನ ಬೆಂಚಿನ ಮೇಲೆ ಅವರ ಹಣೆಗೆ ನಾನೇ ಕುಂಕುಮ ಇಟ್ಟೆ. ಬಳೆ ಏರಿಸಿಕೊಂಡರು. ಗಾಡಿಗೆ ಹೊತ್ತಿತ್ತು. ಅತ್ತೆ ಹೇಳತೊಡಗಿದರು.

"ನಾ ಸಾಲ್ಯಾಗ ಶಾಣ್ಯಾಕಿ ಇದ್ದೆ. ಅಪ್ಪ ಬಿಡಿಸಿದ. ಈ ಸುಗ್ಗಿ ಒಂದು ಮುಗೀಲಿ, ಮತ್ತ ಕಳಸ್ತೇನಿ ಅಂದಿದ್ದ. ಪಾಟಿಚೀಲ ಗೂಟಕ್ಕ ಹಾಕಿ ಕಾದೆ. ಸುಗ್ಗಿ ಮುಗೀತು, ಕಳಸ್ಲಿಲ್ಲ. ಆಮ್ಯಾಲೆ ಲಗ್ನ ಮಾಡಿದ. ನಾ ಇದನ್ನ ಯಾರ ಮುಂದೂ ಆಡಿಲ್ಲ. ನಿಮ್ಮ ಮಾವಗೂ ಗೊತ್ತಿಲ್ಲ. ಆ ಮನಷ್ಯಾಗ ಹೆಂಗ ಗೊತ್ತಾತು?"

"ಯಾರಿಗೆ ಹೇಳಿದ್ರೂ ಹೊಂದೂ ಮಾತ್ರಿ ಅದು," ಅಂದೆ. "ಸಣ್ಣವರಿದ್ದಾಗ ಮಾತು ಕೊಟ್ಟು ತಪ್ಪಿದವರು ಯಾರಿಗಿಲ್ಲ ಹೇಳ್ರಿ? ನಿಮ್ಮ ಹುಬ್ಬು ನೋಡಿದ್ರ ನಂಬೂದಿಲ್ಲ ಅನ್ನೂದು ಯಾರಿಗರ ತಿಳೀತೈತಿ."

ಅವರು ಹಳಿಯ ಕಡೆ ನೋಡಿದರು. "ಖರೇ ಐತಿ. ಆದ್ರ ನಮ್ಮ ಮೈಗೆ ಹೊಂದಿದಾಗ, ಇದು ಎಲ್ಲಾರಿಗೂ ಹೊಂದೂ ಅಂಗಿ ಅಂತ ಹೊಳಿಯೂದಿಲ್ಲ. ನಿಮ್ಮ ಮಾವಗೂ ಹಿಂಗ ಆಗೇತಿ ನೋಡು."

ಗಂಡನ ಮೇಲಿನ ಅವರ ಸಿಟ್ಟು ಅಲ್ಲಿಗೆ ಇಳಿಯಿತು ಎಂದು ನನ್ನ ಅನಿಸಿಕೆ. ಆ ದಿನ ಮನೆಯಲ್ಲಿ ಮಾವನವರಿಗೆ ಎಲ್ಲವನ್ನೂ ಹೇಳಿದರು, ಸುತ್ತು ಬಳಸಲಿಲ್ಲ. "ನಿಮ್ಮ ಗುರುಗಳು ನಿಮ್ಮನ್ನ ಸಾಯಿಸಿ, ನಾ ಹುಟ್ಟಿಸಿ ಹೇಳಿದ ಮಗನ ಹೊಟ್ಟ್ಯಾಗ ಕುಂದ್ರಿಸ್ಯಾರ" ಅಂದರು. ಮಾವನವರಿಗೆ ಸುಳ್ಳಿಗಿಂತ ಕುಂಕುಮ ಅಳಿಸಿದ್ದೇ ದೊಡ್ಡದಾಗಿ ಕಂಡಿತು. "ನಾ ಬದುಕಿದ್ದಾಗ!" ಎಂದು ಎದ್ದು ನಿಂತರು. ಮರುದಿನ ಬೆಳಿಗ್ಗೆ ಚಹಾ ಸಹ ಕುಡಿಯದೆ ರಾಣೆಬೆನ್ನೂರಿನ ಬಸ್ಸು ಹತ್ತಿದರು.

ಮಧ್ಯಾಹ್ನ ವಾಪಸು ಬಂದವರು ನೇರ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಮ್ಮ ಮನ್ಯಾಕಿ ನಿಮ್ಮ ಮ್ಯಾಲೆ ಅನುಮಾನ ಪಡ್ತಾಳ ಅಂದೆ. ಅಂವ ಕಣ್ಣು ಮುಚ್ಚಿ, 'ಗಂಗಾಳದಾಗ ಉಣ್ಣೂ ಕೈ ಅಂತ ನಾ ಮೊದಲ ಹೇಳಿದ್ನೆಲ್ಲಾ, ಹೆಂಡ್ತಿ ಕೈನೂ ಅದ ಗಂಗಾಳದಾಗ ಇರತೈತಿ' ಅಂದ. 'ಮೊದಲು ತಮ್ಮ ಅಂದಿದ್ರೆಲ್ಲಾ' ಅಂತ ಕೇಳಿದೆ. 'ನಾ ಯಾವಾಗ ತಮ್ಮ ಅಂದೇನಿ, ನೆನಪ ಮಾಡಿಕೊಳ್ರಿ' ಅಂದ." ಮಾವನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬಸ್ಸಿನ್ಯಾಗ ಕುಂತು ನೆನಪ ಮಾಡಿಕೊಂಡೆ. ಅಂವ ಅಂದೇ ಇಲ್ಲ. 'ನನ್ನ ತಮ್ಮ ಏನ್ರಿ?' ಅಂತ ನಾನ ಅಂದಿದ್ದೆ."

ಒಳಗೆ ರೊಟ್ಟಿಗೆ ಕೂತಿದ್ದ ಸಣ್ಣ ಮಾವನಿಗೆ ಎಲ್ಲವೂ ಕೇಳಿಸಿತ್ತು. ಮಾವನವರು ಹೋಗಿ ಅವರ ಪಕ್ಕದಲ್ಲಿ ಕೂತರು. ಸಣ್ಣ ಮಾವ ತಾಟು ಬಿಟ್ಟು ಎದ್ದರು. ಕೈ ತೊಳೆದು ಬಂದು ಅತ್ತೆಯವರ ಮುಂದೆ ನಿಂತರು.

"ವೈನಿ, ನಾ ಬ್ಯಾರೆ ಖೋಲಿ ನೋಡೇನಿ. ಒಮ್ಮೆ ಅನುಮಾನ ಪಟ್ಟವರು ಇನ್ನೊಮ್ಮೆ ಪಡೂದಿಲ್ಲ ಅಂತ ಹೆಂಗ ಹೇಳೂದು?"

ಬೇರೆ ಯಾರಾದರೂ ಆಗಿದ್ದರೆ ಪಡುವುದಿಲ್ಲ ಎಂದು ಆಣೆ ಮಾಡುತ್ತಿದ್ದರು. ಅತ್ತೆಯವರು ಸೊಂಟದ ಕೀಲಿಗೊಂಚಲು ಬಿಚ್ಚಿದರು. ತಿಜೋರಿಯ ಕೀಲಿ ಅವರ ಸೊಂಟ ಬಿಟ್ಟು ಹೊರಗೆ ಹೋದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ಮೈದುನನ ಕೈಯಲ್ಲಿಟ್ಟು ಹೇಳಿದರು.

"ಪಡ್ತೇವಿ. ನಾ ಅಂತೂ ದಿನಾ ಪಡ್ತೇನಿ. ಆದ್ರ ನಿನ್ನ ಕೇಳಿ ಪಡ್ತೇನಿ, ಹೊರಗಿನವನ್ನ ಕೇಳಿ ಅಲ್ಲ. ಕುಂದರು, ಮಜ್ಜಿಗಿ ಅನ್ನ ಉಳದೇತಿ."

ಸಣ್ಣ ಮಾವ ಕೂತರು. ಮನೆ ಬಿಡಲಿಲ್ಲ. ಆದರೆ ಅಣ್ಣನ ತಾಟಿನಿಂದ ರೊಟ್ಟಿ ಮುರಿದುಕೊಳ್ಳುವ ಸಲಿಗೆ ಮರಳಿ ಬರಲು ವರ್ಷಗಳೇ ಹಿಡಿದವು. ಆ ಗುರುಗಳು ಬೇಸಿಗೆಗೆ ಮೊದಲೇ ಊರು ಬಿಟ್ಟರಂತೆ, ಆ ಮನೆ ಬೀಜದ ಗೋದಾಮಾಯಿತಂತೆ.

ಅತ್ತೆಯವರ ಮತ್ತು ನನ್ನ ನಡುವೆ ಒಂದು ಜಗಳ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. "ಕಳಕೊಂಡದ್ದು ಸಿಗತೈತಿ" ಎಂದು ಅವನು ಹೇಳಿದ್ದು ನಾನು ಬರೆದ ಬಂಗಾರದ ಸರದ ಮಾತು, ಚೀಟಿಯನ್ನು ಹೇಗೋ ಓದಿಯೇ ಓದಿದ್ದ ಎಂದು ನಾನು. ಬಂದವರಿಗೆಲ್ಲ ಅದನ್ನೇ ಹೇಳಿ ಕಳಿಸುತ್ತಾನೆ, ಏನೂ ಕಳೆದುಕೊಳ್ಳದವರು ಅಂಥವರ ಬಾಗಿಲಿಗೆ ಯಾಕೆ ಹೋಗುತ್ತಾರೆ ಎಂದು ಅವರು. ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಾಗೆಲ್ಲ ಈ ವಾದ ಏಳುತ್ತಿತ್ತು. ಅವನ ಬೆರಳಿನಿಂದ ಕಣ್ಣು ಕಿತ್ತಿರಲಿಲ್ಲ ಎಂದು ನಾನೇ ಹೇಳುತ್ತೇನೆ. ಆದರೂ ಓದಿರಬೇಕು ಎಂಬ ಅನುಮಾನ ಹೋಗಿಲ್ಲ.

ಆ ಚಳಿಗಾಲ ಕಳೆದು ಬಂದ ಜೂನ್ ತಿಂಗಳಲ್ಲಿ ಅತ್ತೆ ಊಟದ ಹೊತ್ತಿಗೆ ಎಲ್ಲರ ಮುಂದೆ, "ಈಕಿ ಹಾವೇರಿಗೆ ಬಿ.ಎಡ್. ಓದಾಕ ಹೋಗ್ತಾಳ" ಅಂದರು. ನನ್ನನ್ನೂ ಕೇಳಿರಲಿಲ್ಲ. ಮಗು ಸಣ್ಣದು, ಮುಂದಿನ ವರ್ಷ ನೋಡಿದರಾಯಿತು ಎಂದು ನನ್ನ ಗಂಡ ಅಂದಾಗ, "ಮುಂದಿನ ವರ್ಷ ಅನ್ನೂ ಮಾತು ಈ ಮನ್ಯಾಗ ಬ್ಯಾಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನನಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ಮಗುವನ್ನು ಅವರೇ ಬೆನ್ನಿಗೆ ಕಟ್ಟಿಕೊಂಡು ಸಾಕಿದರು. ನಾನು ದಿನಾ ಬಸ್ಸಿನಲ್ಲಿ ಹೋಗಿ ಬಂದು ಓದಿದೆ. ಹಾವೇರಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಇಂದಿಗೂ ಅದೇ ಕೆಲಸ. ಅದು ಅವರು ಕೊಟ್ಟದ್ದು, ತೀರಿಸುವ ದಾರಿ ನನಗೆ ತಿಳಿದಿಲ್ಲ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಅವರು ಎದೆಬೇನೆಯಿಂದ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, ಕಾಲು ಬಾತುಕೊಂಡಿದ್ದರೂ ಹಟ ಹಿಡಿದು ನನ್ನ ಜೊತೆ ಬಸ್ಸು ಹತ್ತಿ ಶಾಲೆಗೆ ಬಂದರು. ಹೆಡ್ ಮಾಸ್ತರರು ಆಫೀಸಿನಲ್ಲಿ ಕುರ್ಚಿ ಹಾಕಿಸಿದರು, ಅಲ್ಲಿ ಕೂರಲಿಲ್ಲ. ಎಂಟನೇ ತರಗತಿಯ ಹುಡುಗಿಯರ ಹಿಂದಿನ ಬೆಂಚಿನಲ್ಲಿ, ಗೋಡೆಗೆ ಆನಿಕೊಂಡು, ಕೈಚೀಲ ಪಕ್ಕಕ್ಕೆ ಇಟ್ಟು ಕೂತರು. ನಾನು ಬೆಳಕಿನ ಪಾಠ ಮಾಡಿದೆ. ಕನ್ನಡಿಯೊಂದನ್ನು ಕಿಟಕಿಯ ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಬೆಳಕು ಓಡಿಸಿದಾಗ ಹುಡುಗಿಯರ ಜೊತೆ ಅವರ ತಲೆಯೂ ಅತ್ತಿತ್ತ ತಿರುಗಿತು.

ಗಂಟೆ ಬಾರಿಸಿತು. ಹುಡುಗಿಯರು ಗದ್ದಲ ಮಾಡುತ್ತಾ ನೀರಿಗೆ ಓಡಿದರು. ನಾನು ಅವರನ್ನು ಎಬ್ಬಿಸಲು ಹಿಂದಿನ ಬೆಂಚಿಗೆ ಹೋದೆ.

"ಇನ್ನೊಂದು ತಾಸು ಐತೇನು?" ಎಂದು ಕೇಳಿದರು.

"ಐತ್ರಿ ಅತ್ತ್ಯಾರ. ಗಣಿತ. ಬ್ಯಾರೆ ಸರ್ ಬರ್ತಾರ."

ಅತ್ತೆ ಬೆಂಚಿನ ಮೇಲಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಬರುವವರಿಗೆ ಜಾಗ ಮಾಡಿದರು.

"ಬರ್ಲಿ," ಅಂದರು. "ನಾ ಇಲ್ಲೇ ಕುಂದರ್ತೇನಿ."